ಮರೆಯುವ ಗುಮಾಸ್ತನಿಗೊಂದು ಕಡತ
(ವಾಚನಾಲಯದ ಕೂಟದಲ್ಲಿ ಮಾಡಿದ ಭಾಷಣದ ಪಾಠ)



ಎ.ಐ. ಸಹಾಯಕ ಎಂಬ ಯಂತ್ರದ ವಿಚಾರವಾಗಿ ನಾಲ್ಕು ಮಾತು ಹೇಳಬೇಕೆಂದು ಕಾರ್ಯದರ್ಶಿಗಳ ಅಪ್ಪಣೆಯಾಗಿದೆ. ಅದರ ಬುದ್ಧಿಯನ್ನು ಹೊಗಳುವವರು ಬೇಕಾದಷ್ಟು ಜನ ಇದ್ದಾರೆ. ನಾನು ಅದರ ಮರೆವನ್ನೂ, ಆ ಮರೆವಿಗೆ ಈಚೆಗೆ ಕಂಡುಕೊಂಡ ಉಪಾಯವನ್ನೂ ಕುರಿತು ಹೇಳುತ್ತೇನೆ.

ವಿಶಾಖಪಟ್ಟಣದಲ್ಲಿರುವ ನಮ್ಮವರಿಗೆ ಇದು ದೂರದ ಸುದ್ದಿಯಲ್ಲ. ಐದು ವರ್ಷಗಳಲ್ಲಿ 1,500 ಕೋಟಿ ಡಾಲರು ಹೂಡಿ ಅಲ್ಲಿ ಎ.ಐ. ಕೇಂದ್ರ ಕಟ್ಟುವುದಾಗಿ ಗೂಗಲ್ ಕಂಪೆನಿಯವರು 2025ರ ಅಕ್ಟೋಬರಿನಲ್ಲಿ ಸಾರಿದರು. ಇಷ್ಟು ಹಣ ಸುರಿಸಿಕೊಳ್ಳುವ ಜಾತಿಯ ಯಂತ್ರಕ್ಕೆ, ನಿನ್ನೆ ನೀವು ಹೇಳಿದ ಮಾತು ಇಂದು ತಾನಾಗಿ ನೆನಪಿರುವುದಿಲ್ಲವೆಂದರೆ ಆಶ್ಚರ್ಯವಲ್ಲವೆ?

ಕಾರಣ ಹೀಗಿದೆ. ಯಂತ್ರದ ಕಲಿಕೆಯೆಲ್ಲ ಅದು ತಯಾರಾಗುವಾಗಲೇ ಮುಗಿದಿರುತ್ತದೆ. ಆಮೇಲೆ ನಾವು ಆಡುವ ಮಾತು ಅದರ ಒಳಕ್ಕೆ ಇಳಿಯುವುದಿಲ್ಲ. ಮೇಜಿನ ಮೇಲೆ ಹರಡಿದ ಕಾಗದದಂತೆ ಎದುರಿಗೆ ಇರುತ್ತದೆ, ಅಷ್ಟೆ. ಆ ಕಾಗದವನ್ನು ನೋಡಿಕೊಂಡು ಅದು ಉತ್ತರ ಹೇಳುತ್ತದೆ. ಮೇಜಿಗೂ ಒಂದು ಅಳತೆ ಉಂಟು. ಮಾತನ್ನು ಟೋಕನ್ ಎಂಬ ತುಣುಕುಗಳಾಗಿ ಕತ್ತರಿಸಿ ಆ ಅಳತೆಯನ್ನು ಲೆಕ್ಕ ಹಾಕುತ್ತಾರೆ. ಇಂಗ್ಲಿಷಿನಲ್ಲಿ ಹೇಳಿದ ಸಂಗತಿಯನ್ನೇ ಕನ್ನಡದಲ್ಲಿ ಹೇಳಿದರೆ ಸಾಮಾನ್ಯವಾಗಿ ತುಣುಕು ಹೆಚ್ಚಾಗುತ್ತದೆ, ಮೇಜು ಬೇಗ ತುಂಬುತ್ತದೆ. ಹೊಸ ಸಂಭಾಷಣೆ ತೆರೆದಿರೋ, ಮೇಜು ಖಾಲಿ! ಆಫೀಸಿಗೆ ದಿನ ಬೆಳಗಾದರೆ ಒಬ್ಬ ಹೊಸ ಗುಮಾಸ್ತ ವರ್ಗವಾಗಿ ಬಂದ ಹಾಗೆ. ಜಾಣನೇ, ಆದರೆ ಹಿಂದಿನವನು ಚಾರ್ಜು ಕೊಡದೆ ಹೋಗಿದ್ದಾನೆ.

ಇದಕ್ಕೆ ಉಪಾಯವೇನು? ನಮ್ಮ ಹಿರಿಯರು ಮಾಡಿದ್ದೇ. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಲ್ಲಿ ಲೆಕ್ಕ ಬರೆದಿಡುತ್ತಿದ್ದರು. ಅದೇ ಕಡತ. ಈಗ ಆಫೀಸಿನ ಫೈಲಿಗೆ ಆ ಹೆಸರು ಉಳಿದಿದೆ, ಬಟ್ಟೆ ಹೋಯಿತು. ಶೃಂಗೇರಿ ಮಠದ ಆಡಳಿತದ ಎಷ್ಟೋ ವಿವರ ಇಂದಿಗೂ ಗೊತ್ತಾಗುತ್ತಿರುವುದು ಅಂಥ ಕಡತಗಳಿಂದ. ಬರೆದವರು ಹೋದರು, ಮುಂದಿನವರು ಮಡಿಕೆ ಬಿಚ್ಚಿ ಓದಿಕೊಂಡರು.

ಈಗ ಯಂತ್ರಕ್ಕೂ ಅಂಥದೊಂದು ಕಡತ ಕೊಟ್ಟಿದ್ದಾರೆ. ನಿಮ್ಮ ಕಂಪ್ಯೂಟರಿನಲ್ಲಿ ಒಂದು ಪೆಟ್ಟಿಗೆ. ಅದರೊಳಗೆ ಸಾದಾ ಅಕ್ಷರದ ಚೀಟಿಗಳು. ಸಂಭಾಷಣೆ ಮುಗಿಯುವಾಗ ಸಹಾಯಕ ಮುಖ್ಯಾಂಶವನ್ನು ಚೀಟಿಯಲ್ಲಿ ಬರೆದಿಡುತ್ತದೆ. ಮುಂದಿನ ಸಲ ಮಾತು ತೆಗೆದಾಗ ಸಂಬಂಧಪಟ್ಟ ಚೀಟಿಯನ್ನು ಹುಡುಕಿ ಮೇಜಿನ ಮೇಲೆ ಇಟ್ಟುಕೊಳ್ಳುತ್ತದೆ. ಪೆಟ್ಟಿಗೆಗೂ ಸಹಾಯಕನಿಗೂ ನಡುವಿನ ವ್ಯವಹಾರಕ್ಕೆ ಒಂದು ಸಾರ್ವತ್ರಿಕ ಕಟ್ಟಳೆಯೂ ಇದೆ. ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್ ಎಂದು ಅದರ ಹೆಸರು; ಆಂತ್ರೊಪಿಕ್ ಕಂಪೆನಿ 2024ರ ನವೆಂಬರಿನಲ್ಲಿ ಪ್ರಕಟಿಸಿತು.

ಚೀಟಿ ಗುಡ್ಡೆ ಹಾಕಿದರೆ ಸಾಲದು. ಇಲ್ಲಿಗೆ ಹತ್ತಿರದ ಏಲೂರಿನ ಕಾವಲಿ ವೆಂಕಟ ಬೊರಯ್ಯನವರ ಕಥೆ ಕೇಳಿ. ಟಿಪ್ಪುವಿನ ಪತನದ ಬಳಿಕ ಕರ್ನಲ್ ಮೆಕೆಂಜಿ ಮೈಸೂರು ಸೀಮೆಯ ಸರ್ವೆಗೆ ಬಂದ. ಆತನಿಗೆ ದೇಶಭಾಷೆಗಳು ಬಾರವು. ಬೊರಯ್ಯನವರು ಆತನ ಕಣ್ಣೂ ಕಿವಿಯೂ ಆಗಿ ಶಾಸನ, ಕೈಫಿಯತ್ತು, ಹಳೆಯ ಬರಹಗಳನ್ನು ಕೂಡಿಸುವುದಕ್ಕೆ ನೆರವಾದರು. 1803ರಲ್ಲಿ ಅವರು ತೀರಿಕೊಂಡ ಮೇಲೆ ತಮ್ಮ ಲಕ್ಷ್ಮಯ್ಯನವರು ಆ ಕೆಲಸ ಮುಂದುವರಿಸಿದರು. 1821ರಲ್ಲಿ ಮೆಕೆಂಜಿಯೂ ಹೋದ. ಉಳಿದದ್ದು ಕಾಗದದ ರಾಶಿ. 1828ರಲ್ಲಿ ವಿಲ್ಸನ್ ಅದಕ್ಕೊಂದು ವಿವರಪಟ್ಟಿ ಅಚ್ಚು ಹಾಕಿಸಿದ ಮೇಲೆಯೇ ಯಾವುದು ಎಲ್ಲಿದೆ ಎಂಬುದು ಹೊರಗಿನವರಿಗೆ ತಿಳಿಯುವಂತಾಯಿತು. ಯಂತ್ರದ ಚೀಟಿಗೂ ತಲೆಬರಹ, ತಾರೀಖು, ಇಂಥ ಚೀಟಿ ನೋಡಿ ಎಂಬ ಕೊಂಡಿ ಇರತಕ್ಕದ್ದು. ಇಲ್ಲವಾದರೆ ತಪ್ಪು ಚೀಟಿ ಎತ್ತಿಕೊಂಡು ಗಂಭೀರವಾಗಿ ತಪ್ಪು ಉತ್ತರ ಕೊಡುತ್ತದೆ.

ಇದರಿಂದ ನಮಗೇನು ಎಂದು ಆಟೋನಗರದ ತಮ್ಮಂದಿರು ಕೇಳಬಹುದು. ಮೇಸ್ತ್ರಿಯ ಕೈಕೆಳಗೆ ದಿನಗೂಲಿ ಮಾಡುವವನಿದ್ದಾನೆ ಎನ್ನಿ. ಸಂಜೆ ಅವನು ತಾರೀಖು, ಕೆಲಸದ ಜಾಗ, ಎಷ್ಟು ಗಂಟೆ, ಏನು ದರ, ಮುಂಗಡ ಎಷ್ಟು ತೆಗೆದುಕೊಂಡೆ, ಇಷ್ಟನ್ನು ಬಾಯಲ್ಲಿ ಹೇಳಿದರೆ ಸಾಕು, ಸಹಾಯಕ ಬರೆದಿಡುತ್ತದೆ. ತಿಂಗಳ ಕೊನೆಗೆ ಮೇಸ್ತ್ರಿ ಇಪ್ಪತ್ತೆರಡು ದಿನ ಎನ್ನುತ್ತಾನೆ, ಇವನು ಇಪ್ಪತ್ತಾರು ಎನ್ನುತ್ತಾನೆ. ಆಗ ಯಾವ ದಿನ ಎಲ್ಲಿ ಎಂದು ಒಂದೊಂದಾಗಿ ತೆಗೆದು ತೋರಿಸಬಹುದು. ಕೂಡಿಕೆಯನ್ನು ಮಾತ್ರ ನೀವೂ ಒಮ್ಮೆ ಮಾಡಿ ನೋಡಿ, ಈ ಯಂತ್ರಗಳು ಲೆಕ್ಕದಲ್ಲಿ ಎಡವುವುದುಂಟು. ಹಾಜರಿ ಚೀಟಿ, ಬ್ಯಾಂಕಿನ ಸಂದೇಶ, ಇವನ್ನೂ ಬಿಸಾಡಬಾರದು. ನಾವೇ ಬರೆದುಕೊಂಡ ಲೆಕ್ಕವನ್ನು ಮಾತ್ರ ತೋರಿಸಿದರೆ ಎದುರಾಳಿ ಒಪ್ಪಬೇಕಲ್ಲ.

ಪೆಟ್ಟಿಗೆ ಯಾರದು ಎಂಬುದು ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಚಾಟ್‌ಜಿಪಿಟಿಯವರು 2024ರಲ್ಲಿ ತಮ್ಮ ಸಹಾಯಕನಿಗೂ ನೆನಪು ಕೊಟ್ಟರು, ಆದರೆ ಆ ನೆನಪು ಇರುವುದು ಅವರ ಮನೆಯ ಪೆಟ್ಟಿಗೆಯಲ್ಲಿ. ಭವಿಷ್ಯನಿಧಿಯ ಹಳೆಯ ಕಷ್ಟ ಹಿರಿಯರಿಗೆ ಗೊತ್ತು. ಧಣಿ ಬದಲಾದಾಗಲೆಲ್ಲ ಹೊಸ ಖಾತೆ. ಹಳೆಯ ಹಣ ಹಳೆಯ ಊರಿನಲ್ಲಿ. 2014ರಲ್ಲಿ ಹನ್ನೆರಡು ಅಂಕಿಯ ಯು.ಎ.ಎನ್. ಬಂದ ಮೇಲೆ ನಂಬರು ಆಳಿನ ಜೊತೆಗೇ ಊರಿಂದೂರಿಗೆ ಬರತೊಡಗಿತು. ಸಾದಾ ಅಕ್ಷರದ ಚೀಟಿಯೂ ಹಾಗೆಯೇ. ಇಂದು ಒಂದು ಕಂಪೆನಿಯ ಸಹಾಯಕ, ನಾಳೆ ಇನ್ನೊಂದು; ಪೆಟ್ಟಿಗೆ ನಿಮ್ಮದೇ.

ಆದರೂ ಒಂದು ಮಾತು ಬಚ್ಚಿಡಬಾರದು. ಚೀಟಿ ನಿಮ್ಮ ಮನೆಯಲ್ಲಿದ್ದರೂ, ಸಹಾಯಕ ಕಂಪೆನಿಯ ಯಂತ್ರದಲ್ಲಿ ಓಡುತ್ತಿದ್ದರೆ ಅದು ಓದಿದ ಚೀಟಿ ಅಲ್ಲಿಗೆ ಹೋಗಿಯೇ ಹೋಗುತ್ತದೆ. ಆದ್ದರಿಂದ ಆಧಾರ್ ನಂಬರು, ಬ್ಯಾಂಕಿನ ಪಿನ್ನು, ಓ.ಟಿ.ಪಿ., ಮನೆಯವರ ಕಾಯಿಲೆಯ ಗುಟ್ಟು ಇವನ್ನು ಬರೆಸಬೇಡಿ. ನಾಲ್ಕು ಜನ ಒಂದೇ ಕೋಣೆಯಲ್ಲಿ ಒಂದೇ ಫೋನು ಬಳಸುವ ನಮ್ಮಂಥವರಿಗೆ ಈ ಎಚ್ಚರ ಎರಡು ಪಟ್ಟು ಬೇಕು. ಇನ್ನೊಂದು ಅಪಾಯ: ಯಾರೋ ಕಳಿಸಿದ ಕಾಗದವನ್ನು ಓದಿಸುವಾಗ ಅದರೊಳಗೇ ಯಂತ್ರಕ್ಕೆ ಕಳ್ಳ ಅಪ್ಪಣೆ ಬರೆದಿರಬಹುದು, ಅದೂ ಚೀಟಿ ಸೇರಿದರೆ ತಿಂಗಳುಗಟ್ಟಲೆ ಕಾಡುತ್ತದೆ. ವಾರಕ್ಕೊಮ್ಮೆ ಚೀಟಿಗಳನ್ನು ನೀವೇ ಓದಿ, ಬೇಡದ್ದನ್ನು ಅಳಿಸಿ. ಕಡತದ ಬಳಪವೂ ಒರೆಸಿದರೆ ಹೋಗುತ್ತಿತ್ತು.

ಕಂಪ್ಯೂಟರಿಲ್ಲದವರು ಇಷ್ಟು ಮಾಡಬಹುದು. ಫೋನಿನ ಟಿಪ್ಪಣಿಯಲ್ಲಿ ಹತ್ತು ಸಾಲು ಬರೆದಿಡಿ: ನನ್ನ ಕೆಲಸ ಇಂಥದು, ಕನ್ನಡದಲ್ಲಿ ಉತ್ತರ ಕೊಡು, ಬಾಕಿ ಇರುವ ಅರ್ಜಿ ಇಂಥದು, ಕಳೆದ ಸಲ ಇಲ್ಲಿಗೆ ನಿಂತಿತ್ತು. ಹೊಸ ಸಂಭಾಷಣೆ ತೆರೆದ ಕೂಡಲೆ ಅದನ್ನು ಅಂಟಿಸಿ, ಮುಗಿಸುವಾಗ ಕೊನೆಯ ಸಾಲನ್ನು ತಿದ್ದಿಕೊಳ್ಳಿ. ಇದಕ್ಕೆ ಖರ್ಚಿಲ್ಲ. ಅರ್ಜಿ ಬರೆಸಬೇಕಾದವರು ಯಾರಾದರೂ ಇದ್ದರೆ, ಸಭೆ ಮುಗಿದ ಮೇಲೆ ಪತ್ರಿಕೆಯ ಮೇಜಿನ ಹತ್ತಿರ ಬನ್ನಿ. ಮೊದಲ ಹತ್ತು ಸಾಲನ್ನು ಕೂಡಿ ಬರೆಯೋಣ.