ಥೈರಾಯ್ಡ್ ರಿಪೋರ್ಟನ್ನು ಓದುವುದು ಹೇಗೆ?

(ದೇವರಾಯನದುರ್ಗದಲ್ಲಿ ನಡೆದ ಸಂಘದ ಒಂದು ದಿನದ ಶಿಬಿರದಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು ವೈದ್ಯಳಲ್ಲ, ಉರ್ದು ಮತ್ತು ಕನ್ನಡ ಕಲಿಸುವ ಶಾಲಾ ಶಿಕ್ಷಕಿ. ಈ ವಿಷಯದ ಮೇಲೆ ಮಾತನಾಡಲು ನನಗಿರುವ ಅರ್ಹತೆ ಒಂದೇ: ಈ ಕಾಯಿಲೆ ನನಗಿದೆ. ನಾಲ್ಕು ವರ್ಷದ ಹಿಂದೆ ಶಾಲೆಯ ಮಕ್ಕಳೊಂದಿಗೆ ಇದೇ ಬೆಟ್ಟಕ್ಕೆ ಪ್ರವಾಸ ಬಂದಿದ್ದೆ. ನಾಮದ ಚಿಲುಮೆ ನೋಡಿಕೊಂಡು ಮೇಲೆ ಹತ್ತುವಾಗ ಐದನೇ ತರಗತಿಯ ಮಕ್ಕಳು ಓಡಿಹೋದರು, ನಾನು ಅರ್ಧದಲ್ಲೇ ಬಂಡೆಯ ಮೇಲೆ ಕುಳಿತುಬಿಟ್ಟೆ. ಮಕ್ಕಳೆಲ್ಲ ಸ್ವೆಟರ್ ಬಿಚ್ಚಿ ಸೊಂಟಕ್ಕೆ ಕಟ್ಟಿಕೊಂಡಿದ್ದ ಬಿಸಿಲಿನಲ್ಲಿ ನಾನು ಶಾಲು ಹೊದ್ದಿದ್ದೆ. "ಟೀಚರ್‌ಗೆ ವಯಸ್ಸಾಯಿತು" ಎಂದು ಒಬ್ಬ ಹುಡುಗ ಹೇಳಿದ. ಆಗ ನನಗೆ ಮೂವತ್ತೆರಡು.

ಕೂದಲು ಉದುರುವುದು, ಮಲಬದ್ಧತೆ, ಮುಖ ಊದುವುದು, ತಿಂಗಳ ಲೆಕ್ಕ ತಪ್ಪುವುದು, ಇವೆಲ್ಲ ಅದಕ್ಕೂ ಮೊದಲೇ ಇದ್ದವು. ಅಮ್ಮಿ ಅದನ್ನು ಸೋಮಾರಿತನ ಎಂದರು. ನಾನೂ ಹಾಗೇ ನಂಬಿದ್ದೆ. ಕೊನೆಗೆ ತುಮಕೂರಿನಲ್ಲಿ ರಕ್ತ ಕೊಟ್ಟೆ. ರಿಪೋರ್ಟ್‌ನಲ್ಲಿ ಟಿಎಸ್‌ಎಚ್ 18.6 ಎಂದಿತ್ತು. ಪಕ್ಕದಲ್ಲಿ 0.4ರಿಂದ 4.2 ಇರಬೇಕು ಎಂದು ಅಚ್ಚಾಗಿತ್ತು. ಬಿ.ಎಡ್. ಮಾಡಿದ ನಾನು ಅದನ್ನು ಓದಿ ಏನೆಂದುಕೊಂಡೆ ಗೊತ್ತೇ? ಥೈರಾಯ್ಡ್ ಹೆಚ್ಚಾಗಿದೆ ಎಂದು! ಇಂದಿಗೂ ನಮ್ಮ ಹೆಂಗಸರು ಹತ್ತರಲ್ಲಿ ಎಂಟು ಮಂದಿ "ನನಗೆ ಥೈರಾಯ್ಡ್ ಜಾಸ್ತಿ" ಎನ್ನುವುದು ಹೀಗೇ. ವಾಸ್ತವ ಅದಕ್ಕೆ ತದ್ವಿರುದ್ಧ.

ಶಾಲೆಯ ಉದಾಹರಣೆ ಕೊಡುತ್ತೇನೆ. ಕತ್ತಿನಲ್ಲಿ ಚಿಟ್ಟೆಯ ಆಕಾರದ ಥೈರಾಯ್ಡ್ ಗ್ರಂಥಿ ಇದೆ, ಅದು ಶಿಕ್ಷಕ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಮುಖ್ಯೋಪಾಧ್ಯಾಯ. ಶಿಕ್ಷಕ ಸರಿಯಾಗಿ ಪಾಠ ಮಾಡದಿದ್ದರೆ ಮುಖ್ಯೋಪಾಧ್ಯಾಯರು ಮೆಮೊ ಮೇಲೆ ಮೆಮೊ ಕಳಿಸುತ್ತಾರೆ. ಆ ಮೆಮೊ ಟಿಎಸ್‌ಎಚ್. ಶಿಕ್ಷಕ ಮಾಡುವ ಪಾಠ ಟಿ4 ಮತ್ತು ಟಿ3. ಮೆಮೊ ಹೆಚ್ಚಿದೆ ಎಂದರೆ ಪಾಠ ಕಡಿಮೆಯಾಗಿದೆ ಎಂದರ್ಥ. ಆದ್ದರಿಂದ ಟಿಎಸ್‌ಎಚ್ ಏರಿ ಫ್ರೀ ಟಿ4 ಇಳಿದಿದ್ದರೆ ಗ್ರಂಥಿ ಸೋತಿದೆ. ಟಿಎಸ್‌ಎಚ್ ತಳ ಹಿಡಿದು ಟಿ4 ಏರಿದ್ದರೆ ಗ್ರಂಥಿ ಅತಿಯಾಗಿ ದುಡಿಯುತ್ತಿದೆ. ಎರಡೂ ಇಳಿದಿದ್ದರೆ ಮುಖ್ಯೋಪಾಧ್ಯಾಯರ ಕೊಠಡಿಯಲ್ಲೇ ತೊಂದರೆ ಇರಬಹುದು, ಅದು ಅಪರೂಪ.

ಟಿಎಸ್‌ಎಚ್ ಸ್ವಲ್ಪ ಏರಿ, ಆರೋ ಏಳೋ ಇದ್ದು, ಟಿ4 ಸರಿಯಾಗಿದ್ದರೆ ಗಾಬರಿ ಬೇಡ. ಸಾಮಾನ್ಯವಾಗಿ ಎರಡು ಮೂರು ತಿಂಗಳು ಬಿಟ್ಟು ಮತ್ತೊಮ್ಮೆ ಪರೀಕ್ಷೆ ಮಾಡಿಸುತ್ತಾರೆ, ಎಷ್ಟೋ ಜನರಲ್ಲಿ ಅದು ತಾನಾಗಿಯೇ ಇಳಿದಿರುತ್ತದೆ. ಹತ್ತನ್ನು ದಾಟಿದರೆ ಹೆಚ್ಚಿನ ವೈದ್ಯರು ಮಾತ್ರೆ ಆರಂಭಿಸುತ್ತಾರೆ. ಗರ್ಭಿಣಿಯರ ಲೆಕ್ಕ ಬೇರೆ. ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಮಿತಿಯ ಅಂಕೆಯೂ ಕೊಂಚ ಬದಲಾಗುತ್ತದೆ, ಆದಕಾರಣ ಸಾಧ್ಯವಾದಷ್ಟು ಒಂದೇ ಕಡೆ, ಬೆಳಿಗ್ಗೆ ಒಂದೇ ವೇಳೆಗೆ, ಅಂದಿನ ಮಾತ್ರೆ ನುಂಗುವ ಮೊದಲು ರಕ್ತ ಕೊಡಿ. ಇನ್ನೊಂದು ಮಾತು: ಕೂದಲು ಉದುರುತ್ತದೆಂದು ಬಯೋಟಿನ್ ಮಾತ್ರೆ ತಿನ್ನುವವರು ಅದನ್ನು ವೈದ್ಯರಿಗೆ ಹೇಳಿ, ಎರಡು ದಿನ ಮೊದಲೇ ನಿಲ್ಲಿಸಿ. ಅದು ಕೆಲವು ಯಂತ್ರಗಳ ಫಲಿತಾಂಶವನ್ನು ತಲೆಕೆಳಗು ಮಾಡುತ್ತದೆ.

ನನ್ನ ರಿಪೋರ್ಟ್‌ನ ಮೂರನೇ ಸಾಲು ಆ್ಯಂಟಿ ಟಿಪಿಒ, 600ಕ್ಕೂ ಮೇಲೆ. ಮನೆಯ ಕಾವಲುಗಾರ ಮನೆಯವರನ್ನೇ ಕಳ್ಳರೆಂದು ಹೊಡೆಯುವ ಸ್ಥಿತಿ ಇದು. ನಮ್ಮದೇ ರೋಗನಿರೋಧಕ ಶಕ್ತಿ ಗ್ರಂಥಿಯನ್ನು ನಿಧಾನವಾಗಿ ತಿನ್ನುತ್ತದೆ. 1912ರಲ್ಲಿ ಜಪಾನಿನ ಶಸ್ತ್ರವೈದ್ಯ ಹಕಾರು ಹಾಶಿಮೊಟೊ ನಾಲ್ವರು ರೋಗಿಗಳ ಗ್ರಂಥಿಯನ್ನು ಪರೀಕ್ಷಿಸಿ ಇದನ್ನು ಮೊದಲು ವಿವರಿಸಿದರು. ಕಾರಣ ಬೆಳಕಿಗೆ ಬಂದದ್ದು 1956ರಲ್ಲಿ, ಲಂಡನ್ನಿನಲ್ಲಿ. ನಮ್ಮ ಬೆಂಗಳೂರೂ ಸೇರಿದಂತೆ ದೇಶದ ಎಂಟು ನಗರಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವಯಸ್ಕರ ಪೈಕಿ ಶೇ. 11ರಷ್ಟು ಮಂದಿಗೆ ಥೈರಾಯ್ಡ್ ಕೊರತೆ ಕಂಡುಬಂದಿತು. ಶೇ. 3.5ರಷ್ಟು ಮಂದಿಗೆ ತಮಗೆ ಕಾಯಿಲೆ ಇರುವುದೇ ಗೊತ್ತಿರಲಿಲ್ಲ. ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚು. ಆ್ಯಂಟಿ ಟಿಪಿಒ ಒಮ್ಮೆ ಗೊತ್ತಾದ ಮೇಲೆ ಪದೇ ಪದೇ ಅದಕ್ಕೆ ಹಣ ಸುರಿಯಬೇಕಾಗಿಲ್ಲ, ಅದರ ಅಂಕೆ ನೋಡಿ ಮಾತ್ರೆಯ ಪ್ರಮಾಣ ಬದಲಿಸುವುದಿಲ್ಲ.

ಈಗ ನಾನು ಹೇಳಲೇಬೇಕೆಂದು ಬಂದ ವಿಷಯ. ನನ್ನ ಖಾಲಾ ಮಗಳಿಗೂ ಇದೇ ಕಾಯಿಲೆ. ಹುಡುಗಿಗೆ ಥೈರಾಯ್ಡ್ ಎಂದು ತಿಳಿದರೆ ಸಂಬಂಧ ಕೂಡುವುದಿಲ್ಲ ಎಂದು ಮನೆಯವರು ರಿಪೋರ್ಟ್ ಬಚ್ಚಿಟ್ಟರು. ನಿಕಾಹ್ ಆದ ಮೇಲೆ ಅತ್ತೆ ಮಾತ್ರೆಯ ಡಬ್ಬಿ ನೋಡಿಯಾರೆಂದು ಅವಳು ಮಾತ್ರೆಯನ್ನೇ ಬಿಟ್ಟಳು. ಐದು ತಿಂಗಳಲ್ಲಿ ಗರ್ಭಿಣಿಯಾದಳು, ಗರ್ಭ ನಿಲ್ಲಲಿಲ್ಲ. ಅಂದು ಅವಳ ಟಿಎಸ್‌ಎಚ್ ಐವತ್ತರ ಮೇಲಿತ್ತು. ಇದೊಂದೇ ಕಾರಣವೆಂದು ಹೇಳಲಾಗದು ಎಂದರು ವೈದ್ಯೆ, ಆದರೆ ಮೊದಲ ತಿಂಗಳುಗಳಲ್ಲಿ ಮಗು ತಾಯಿಯ ಹಾರ್ಮೋನನ್ನೇ ನೆಚ್ಚಿಕೊಂಡಿರುತ್ತದೆ ಎಂದೂ ಹೇಳಿದರು. ಆಮೇಲೆ ಅವಳು ಗಂಡನಿಗೆ ಎಲ್ಲವನ್ನೂ ತಿಳಿಸಿದಳು. ಅವರು ಬೈಯಲಿಲ್ಲ. "ಮೊದಲೇ ಯಾಕೆ ಹೇಳಲಿಲ್ಲ" ಎಂದಷ್ಟೇ ಕೇಳಿದರಂತೆ. ಎರಡನೇ ಸಲ ಗರ್ಭ ನಿಂತದ್ದು ಗೊತ್ತಾದ ವಾರವೇ ಡೋಸ್ ಹೆಚ್ಚಿಸಿದರು. ಆ ಮಗಳು ಈಗ ಅಂಗನವಾಡಿಗೆ ಹೋಗುತ್ತಿದ್ದಾಳೆ.

ದೇಹ ತಯಾರಿಸದ ಥೈರಾಕ್ಸಿನ್ ಹಾರ್ಮೋನನ್ನೇ ಈ ಮಾತ್ರೆ ತುಂಬಿಕೊಡುತ್ತದೆ. ಇದು ಅಮಲಿನ ಮದ್ದಲ್ಲ, ದುಬಾರಿಯೂ ಅಲ್ಲ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೀರಿನೊಂದಿಗೆ ನುಂಗಿ, ಅರ್ಧದಿಂದ ಒಂದು ಗಂಟೆ ಚಹಾ ಕೂಡ ಬೇಡ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳಿಗೂ ಇದಕ್ಕೂ ನಾಲ್ಕು ಗಂಟೆಯ ಅಂತರವಿರಲಿ. ಡೋಸ್ ಬದಲಿಸಿದರೆ ಆರರಿಂದ ಎಂಟು ವಾರಕ್ಕೆ ಮುಂಚೆ ಪರೀಕ್ಷೆ ಮಾಡಿಸಿ ಪ್ರಯೋಜನವಿಲ್ಲ, ಟಿಎಸ್‌ಎಚ್ ಅಷ್ಟು ನಿಧಾನವಾಗಿ ಇಳಿಯುತ್ತದೆ. ರಂಜಾನ್‌ನಲ್ಲಿ ಸೆಹ್ರಿಗೆ ಅರ್ಧ ಗಂಟೆ ಮೊದಲು, ಇಲ್ಲವೇ ರಾತ್ರಿ ಊಟವಾಗಿ ಮೂರು ಗಂಟೆಯ ನಂತರ ತೆಗೆದುಕೊಳ್ಳಬಹುದು, ರೋಜಾಗೆ ಅಡ್ಡಿಯಿಲ್ಲ. ನಿಮ್ಮ ವೈದ್ಯರನ್ನು ಶಾಬಾನ್‌ನಲ್ಲೇ ಕೇಳಿಟ್ಟುಕೊಳ್ಳಿ. ಮುದ್ದೆ ಬಿಡಬೇಕೇ, ಕೋಸು ಬಿಡಬೇಕೇ ಎಂದು ಬೆಳಿಗ್ಗೆ ಒಬ್ಬ ತಾಯಿ ಕೇಳಿದರು. ಬೇಯಿಸಿದ ಕೋಸು, ರಾಗಿ ಮುದ್ದೆ ಎಲ್ಲವನ್ನೂ ನಾನು ಉಣ್ಣುತ್ತೇನೆ. ಅಯೋಡಿನ್ ಉಪ್ಪು ಸಾಕು, ಅದನ್ನೇ ಹೆಚ್ಚು ತಿಂದರೆ ಈ ಕಾಯಿಲೆ ವಾಸಿಯಾಗದು. ಕೆಳಗೆ ನಾಮದ ಚಿಲುಮೆಯ ಔಷಧಿ ಸಸ್ಯಗಳ ವನದಲ್ಲಿ ಇದಕ್ಕೊಂದು ಸೊಪ್ಪು ಇದೆಯಂತಲ್ಲ ಎಂದು ಇನ್ನೊಬ್ಬರು ಕೇಳಿದರು. ಥೈರಾಕ್ಸಿನ್ ಕೊಡುವ ಸೊಪ್ಪು ಯಾವುದೂ ಇಲ್ಲ, ಮಾತ್ರೆ ಬಿಟ್ಟು ಅದನ್ನು ಹುಡುಕಬೇಡಿ.

ನನ್ನ ನಾಲ್ಕು ವರ್ಷದ ರಿಪೋರ್ಟ್‌ಗಳನ್ನು ತಂದಿದ್ದೇನೆ, 18.6ರಿಂದ 2.1ರವರೆಗೆ. ಈಗ ಒಬ್ಬೊಬ್ಬರಾಗಿ ನೋಡಿ. ಕೈ ಭದ್ರವಾಗಿರಲಿ, ಇಲ್ಲಿನ ಕೋತಿಗಳು ಕಾಗದವನ್ನೂ ಬಿಡುವುದಿಲ್ಲ.