ಕರಾವಳಿಯ ಮೋಟಾರ್ ಸೈಕಲ್ಲೂ ಅದರ ಬ್ಯಾಟರಿಯೂ



ಕಾರವಾರದ ಬೈತಖೋಲದಲ್ಲಿಯೂ ಅಂಕೋಲೆ ತಾಲೂಕಿನ ಬೇಲೇಕೇರಿಯಲ್ಲಿಯೂ ದೋಣಿಗಳು ದಡ ಸೇರಿದೊಡನೆ ಮೀನಿನ ವ್ಯಾಪಾರ ಮೊದಲಾಗುತ್ತದೆ. ಬುಟ್ಟಿಯನ್ನು ಮೋಟಾರ್ ಸೈಕಲ್ಲಿಗೆ ಬಿಗಿದು ಒಳನಾಡಿಗೆ ಒಯ್ಯುವವನಿಗೆ ಬೆಳಗಿನ ತಂಪು ಹೊತ್ತೇ ಬಂಡವಾಳ. ಆಗ ಗುಂಡಿಯನ್ನೊತ್ತಿದರೆ ಎಂಜಿನು ಟಕ್ಕೆಂದು ಸುಮ್ಮನಾಯಿತೆನ್ನಿ. ಬಿಸಿಲೇರಿದಂತೆಲ್ಲ ಮೀನಿನ ಬೆಲೆ ಇಳಿಯುತ್ತದೆ. ಮಳೆಗಾಲದ ರಾತ್ರಿಯಲ್ಲಿ ರೋಗಿಯನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾದವನ ಸಂಕಟವನ್ನಂತೂ ಹಣದಿಂದ ಅಳೆಯಲಾಗದು. ಆದುದರಿಂದ ಬ್ಯಾಟರಿಯ ಆಯುಷ್ಯವನ್ನು ಕುರಿತು ಈ ದಿನ ನಾವು ನಾಲ್ಕು ಮಾತುಗಳನ್ನು ಹೇಳಬಯಸುತ್ತೇವೆ.

ಹಿಂದಿನ ಗಾಡಿಗಳಲ್ಲಿ ಬ್ಯಾಟರಿ ಸೋತರೂ ಕಿಕ್ ಹೊಡೆದು ಎಂಜಿನನ್ನು ಎಬ್ಬಿಸಬಹುದಾಗಿತ್ತು. 2017ರ ಏಪ್ರಿಲ್ 1ರಿಂದ ಹೊಸ ದ್ವಿಚಕ್ರವಾಹನಗಳಲ್ಲಿ ಹಗಲಿನಲ್ಲಿಯೂ ಮುಂದೀಪ ಉರಿಯತಕ್ಕದ್ದೆಂಬ ನಿಯಮ ಬಂದಿತು. 2020ರ ಏಪ್ರಿಲ್ 1ರಿಂದ ಬಿ.ಎಸ್. 6 ನಿಯಮವು ಜಾರಿಗೆ ಬಂದ ಮೇಲಿನ ಬಹುಪಾಲು ಗಾಡಿಗಳು ಪೆಟ್ರೋಲನ್ನು ವಿದ್ಯುತ್ತಿನ ನೆರವಿನಿಂದಲೇ ಎಂಜಿನಿಗೆ ಚಿಮ್ಮಿಸುತ್ತವೆ. ಎಷ್ಟೋ ಗಾಡಿಗಳಲ್ಲಿ ಈಗ ಕಿಕ್ಕೇ ಇಲ್ಲ. ಹೀಗೆ ಬ್ಯಾಟರಿಯ ಹೊಣೆ ಹೆಚ್ಚಿದೆ.

ಸೀಸದ ಬ್ಯಾಟರಿಯನ್ನು 1859ರಲ್ಲಿ ರಚಿಸಿದವನು ಫ್ರಾನ್ಸಿನ ಗಾಸ್ತೋಂ ಪ್ಲಾಂಟೆ. ಸೀಸದ ಫಲಕಗಳು ಗಂಧಕಾಮ್ಲದಲ್ಲಿ ಮುಳುಗಿರುತ್ತವೆ. ಇಂತಹ ಆರು ಕೋಶಗಳು ಸೇರಿ 12 ವೋಲ್ಟಿನ ಬ್ಯಾಟರಿಯಾಗುತ್ತದೆ. ವಿದ್ಯುತ್ತು ವೆಚ್ಚವಾದಂತೆ ಫಲಕಗಳ ಮೇಲೆ ಸೀಸದ ಸಲ್ಫೇಟು ಕೂಡುತ್ತದೆ. ಚಾರ್ಜು ಮಾಡಿದರೆ ಅದು ಕರಗುತ್ತದೆ. ಬರಿದಾದ ಬ್ಯಾಟರಿಯನ್ನು ಹಾಗೆಯೇ ಬಿಟ್ಟರೆ ಸಲ್ಫೇಟು ಗಟ್ಟಿ ಹರಳಾಗಿ, ಮತ್ತೆ ಕರಗಲೊಲ್ಲದು. ಬ್ಯಾಟರಿಯ ಅಕಾಲಮರಣಕ್ಕೆ ಇದೇ ಮುಖ್ಯ ಕಾರಣ.

ನಮ್ಮ ಕರಾವಳಿಯಲ್ಲಿ ಅದಕ್ಕೆ ಮೂವರು ಶತ್ರುಗಳುಂಟು. ಮೊದಲನೆಯದು ಸೆಕೆ. ಉಷ್ಣತೆ ಹತ್ತು ಡಿಗ್ರಿ ಏರಿದಂತೆ ಆಯುಷ್ಯ ಸುಮಾರು ಅರ್ಧಕ್ಕಿಳಿಯುತ್ತದೆಂಬುದು ತಜ್ಞರ ಸ್ಥೂಲ ಲೆಕ್ಕ. ಮೂರು ನಾಲ್ಕು ವರ್ಷ ಬಾಳಬೇಕಾದುದು ಬಿಸಿಲಿನಲ್ಲಿಯೇ ನಿಂತರೆ ಬೇಗನೆ ಸೋಲುತ್ತದೆ. ಎರಡನೆಯದು ಉಪ್ಪುಗಾಳಿ, ಇದು ತಂತಿಯ ತುದಿಗಳನ್ನು ತಿನ್ನುತ್ತದೆ. ಮೂರನೆಯದು ಆಲಸ್ಯ. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷಿದ್ಧ. ಆಗ ಮನೆಯ ಜಗಲಿಯ ಬದಿಯಲ್ಲಿ ನಿಂತ ಗಾಡಿಯ ಬ್ಯಾಟರಿಯು ಕೆಲಸವಿಲ್ಲದೆಯೂ ದಿನದಿನಕ್ಕೆ ಬತ್ತುತ್ತದೆ.

ಇದಕ್ಕೆ ಪರಿಹಾರ ಸುಲಭವಾದುದು. ವಾರಕ್ಕೆ ಒಂದೆರಡು ಸಲ ಅರ್ಧ ಗಂಟೆಯಾದರೂ ಗಾಡಿಯನ್ನು ಓಡಿಸಬೇಕು. ಅಂಗಡಿಯವರೆಗಿನ ಒಂದು ಮೈಲಿಯ ಓಟವು ಚಾಲೂ ಮಾಡಲು ವೆಚ್ಚವಾದುದನ್ನೂ ತುಂಬಿಕೊಡಲಾರದು. ಓಡಿಸುವುದಾಗದಿದ್ದರೆ ಬ್ಯಾಟರಿಯನ್ನು ಬಿಚ್ಚಿಟ್ಟು ತಿಂಗಳಿಗೊಮ್ಮೆ ಚಾರ್ಜು ಮಾಡಿಸಬೇಕು. ಚಾರ್ಜಿನ ಪ್ರವಾಹವು ಸಾಮರ್ಥ್ಯದ ಹತ್ತರಲ್ಲೊಂದು ಪಾಲಿರಲಿ. 5 ಆಂಪಿಯರ್-ಗಂಟೆಯ ಬ್ಯಾಟರಿಗೆ ಅರ್ಧ ಆಂಪಿಯರ್ ಸಾಕು. ಆಗ ಹೊರಡುವ ಅನಿಲಕ್ಕೆ ಬೆಂಕಿ ತಗಲುವ ಭಯವಿರುವುದರಿಂದ ಹತ್ತಿರ ಬೀಡಿ ಸೇದಲಾಗದು. ಬಿಚ್ಚುವಾಗ ಋಣ ತಂತಿಯನ್ನು ಮೊದಲು, ಜೋಡಿಸುವಾಗ ಅದನ್ನೇ ಕೊನೆಗೆ.

ನೀರು ಹಾಕುವ ಜಾತಿಯ ಬ್ಯಾಟರಿಯಲ್ಲಿ ಮಟ್ಟವು ಎರಡು ಗೆರೆಗಳ ನಡುವೆ ಇರಬೇಕು. ತುಂಬಬೇಕಾದುದು ಬಟ್ಟಿಯಿಳಿಸಿದ ನೀರು ಮಾತ್ರ; ಬಾವಿಯ ನೀರೂ ಆಮ್ಲವೂ ಸಲ್ಲವು. ಮುಚ್ಚಿದ ಜಾತಿಯದನ್ನು ತೆರೆಯಲೇಬಾರದು. ತುದಿಗಳಲ್ಲಿ ಬಿಳಿಯ ಇಲ್ಲವೆ ಹಸಿರು ಪುಡಿ ಕಂಡರೆ, ತಂತಿಗಳನ್ನು ಬಿಚ್ಚಿ, ಅಡಿಗೆ ಸೋಡಾ ಬೆರಸಿದ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರಸಿ, ಚೆನ್ನಾಗಿ ಒಣಗಿಸಿ ಜೋಡಿಸಿ, ವ್ಯಾಸಲೀನನ್ನು ತೆಳುವಾಗಿ ಸವರಬೇಕು.

ಹೊಸದನ್ನು ಕೊಳ್ಳುವ ಮೊದಲು ಮೀಟರಿನಿಂದ ನೋಡಿಸುವುದು ಮೇಲು. ವಿಶ್ರಾಂತಿಯಲ್ಲಿರುವ ಪೂರ್ಣ ಬ್ಯಾಟರಿಯು ಸುಮಾರು 12.7 ವೋಲ್ಟು ತೋರಿಸುತ್ತದೆ; 12ಕ್ಕಿಂತ ಕೆಳಗಿಳಿದರೆ ಬರಿದೆಂದೇ ತಿಳಿಯಬೇಕು. ಎಂಜಿನು ವೇಗವಾಗಿ ಓಡುವಾಗ ಸಾಮಾನ್ಯವಾಗಿ 13.5ರಿಂದ 14.5ರವರೆಗೆ ಇರಬೇಕು. ಅಷ್ಟಿಲ್ಲದಿದ್ದರೆ, ಇಲ್ಲವೆ 15ನ್ನು ಮೀರಿದರೆ, ದೋಷವು ಚಾರ್ಜಿನ ಏರ್ಪಾಟಿನಲ್ಲಿದೆ. ಅದನ್ನು ಸರಿಪಡಿಸದೆ ಹೊಸ ಬ್ಯಾಟರಿಯನ್ನಿಟ್ಟರೆ ಅದಕ್ಕೂ ಹಳೆಯದರ ಗತಿಯೇ.

ಕೊನೆಯದಾಗಿ, ಸತ್ತ ಬ್ಯಾಟರಿಯನ್ನು ಒಡೆದು, ಬಲೆಯ ಗುಂಡಿಗೆಂದು ಸೀಸವನ್ನು ಮನೆಯಲ್ಲಿ ಕರಗಿಸುವ ಆಸೆ ಯಾರಿಗೂ ಬೇಡ. ಸೀಸದ ಧೂಳೂ ಹೊಗೆಯೂ ಮಕ್ಕಳ ಮೆದುಳಿಗೆ ವಿಷ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳೂ ಅದನ್ನು ಕಸದಲ್ಲಿ ಬೆರಸದೆ ಬೇರೆಯಾಗಿಟ್ಟು ಒಪ್ಪಿಸಬೇಕೆನ್ನುತ್ತವೆ. ಮಾರುವವನಿಗೇ ಹಿಂದಕ್ಕೆ ಕೊಟ್ಟರೆ ಹೊಸದರ ಬೆಲೆಯಲ್ಲಿ ಅಷ್ಟಿಷ್ಟು ಕಡಿತವೂ ದೊರೆಯುವುದುಂಟು. ತಿಂಗಳಿಗೆ ಕಾಲು ಗಂಟೆಯ ಗಮನವನ್ನು ಈ ಪುಟ್ಟ ಪೆಟ್ಟಿಗೆಗೆ ಮೀಸಲಿಡಿರೆಂದು ಶ್ರೋತೃಗಳನ್ನು ಪ್ರಾರ್ಥಿಸಿ ವಿರಮಿಸುತ್ತೇವೆ.