ಕೆಳಗೆ ನೋಡುವ ಕಣ್ಣು



ಮಕ್ಕಳ ಇಳಿಬಿದ್ದ ರೆಪ್ಪೆಯನ್ನು ಎತ್ತುವುದರಲ್ಲೇ ನನ್ನ ವೃತ್ತಿಜೀವನ ಕಳೆದಿದೆ. ನಾವು ನಮ್ಮ ಫಲಿತಾಂಶವನ್ನು ತಪ್ಪು ನೋಟದಲ್ಲಿ ಅಳೆಯುತ್ತಿದ್ದೇವೆ ಎಂಬ ಕೊರಗು ಇಂದಿಗೂ ಹೋಗಿಲ್ಲ. ಮಗು ನೇರವಾಗಿ ಕ್ಯಾಮೆರಾ ನೋಡುತ್ತದೆ. ಪಾಪೆಯ ಮೇಲಿನ ಬೆಳಕಿನ ಚುಕ್ಕೆಯಿಂದ ರೆಪ್ಪೆಯಂಚಿಗೆ 4 ಮಿಲಿಮೀಟರ್ ಬಂತೆಂದರೆ, ಎರಡು ಕಣ್ಣೂ ಹೆಚ್ಚುಕಡಿಮೆ ಸಮನಾಯಿತೆಂದರೆ, ಕೇಸ್‌ಶೀಟಿನಲ್ಲಿ 'ಯಶಸ್ವಿ' ಎಂದು ಬರೆಯುತ್ತೇವೆ.

ರಾಯಚೂರು ಕಡೆಯ ತಾಯಿಯೊಬ್ಬರಿಗೆ ಅಂಥದೇ ಫೋಟೋ ತೋರಿಸಿದ್ದೆ. "ಫೋಟೋದಾಗ ಚಂದ ಅದಾಳ್ರಿ ಸರ. ಉಣ್ಣಾಕ ಕುಂತಾಗ ನೋಡ್ರಿ" ಅಂದರು. ಮಗಳನ್ನು ಅಲ್ಲೇ ನೆಲದ ಮೇಲೆ ಕೂರಿಸಿ, ಚೀಲದಿಂದ ಬುತ್ತಿ ತೆಗೆದು ಮುಂದಿಟ್ಟರು. ಹುಡುಗಿ ರೊಟ್ಟಿ ಮುರಿಯಲು ಬಗ್ಗಿದಳು. ಬಲರೆಪ್ಪೆ ಕಣ್ಣಿನ ಜೊತೆ ಕೆಳಗಿಳಿಯಿತು. ನಾನು ಎತ್ತಿದ ಎಡರೆಪ್ಪೆ ಮೇಲೆಯೇ ನಿಂತಿತ್ತು, ಬಿಳಿಗುಡ್ಡೆ ಪೂರ್ತಿ ಕಾಣುತ್ತಿತ್ತು. "ರಾತ್ರಿ ಆ ಕಣ್ಣು ತೆರಕೊಂಡ ಮಲಗತಾಳ್ರಿ." ನನ್ನ ಫೈಲಿನಲ್ಲಿ ಈ ಎರಡು ನೋಟಗಳ ಒಂದು ಫೋಟೋವೂ ಇರಲಿಲ್ಲ.

ಕಾರಣ ಇಲ್ಲಿರುವವರಿಗೆಲ್ಲ ಗೊತ್ತು. ಹುಟ್ಟಿನಿಂದ ಬಂದ ಟೋಸಿಸ್‌ನಲ್ಲಿ ಲಿವೇಟರ್ ಸ್ನಾಯುವಿನ ಜಾಗದಲ್ಲಿ ನಾರು, ಕೊಬ್ಬು ಸೇರಿರುತ್ತದೆ. ಅದು ಸರಿಯಾಗಿ ಎಳೆಯುವುದೂ ಇಲ್ಲ, ಸಡಿಲಗೊಳ್ಳುವುದೂ ಇಲ್ಲ. ಅದರ ಶಕ್ತಿ 4 ಮಿಲಿಮೀಟರಿಗಿಂತ ಕಡಿಮೆಯಿದ್ದಾಗ ಸಿಲಿಕೋನ್ ರಾಡಿನಿಂದಲೋ ತೊಡೆಯ ಫೇಸಿಯಾದಿಂದಲೋ ರೆಪ್ಪೆಯನ್ನು ಹುಬ್ಬಿಗೆ ತೂಗುಹಾಕುತ್ತೇವೆ. ರಾಡು, ಫೇಸಿಯಾಗಳಲ್ಲಿ ಯಾವುದು ಮೇಲು ಎಂಬ ಚರ್ಚೆಗೆ ಮಧ್ಯಾಹ್ನದ ಗೋಷ್ಠಿಯೇ ಇದೆ. ಅದರಲ್ಲಿ ನನಗಿಂತ ಹೆಚ್ಚು ಕೈಪಳಗಿದವರು ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಅದನ್ನು ಅವರಿಗೇ ಬಿಡುತ್ತೇನೆ.

ನನಗೆ ಇನ್ನೂ ಬಗೆಹರಿಯದ ಪ್ರಶ್ನೆ ಬೇರೆ. ಒಂದೇ ಕಣ್ಣು ಇಳಿಬಿದ್ದಾಗ ಚೆನ್ನಾಗಿರುವ ಕಣ್ಣನ್ನು ಮುಟ್ಟಬೇಕೇ? 1965ರಲ್ಲಿ ಕ್ರೋವೆಲ್ ಬಿಯರ್ಡ್, ಆರೋಗ್ಯವಾಗಿರುವ ಲಿವೇಟರನ್ನೂ ಕತ್ತರಿಸಿ ಎರಡೂ ಕಡೆ ಸ್ಲಿಂಗ್ ಹಾಕಿ ಎಂದರು. 1972ರಲ್ಲಿ ಕ್ಯಾಲಹನ್, ಸ್ಲಿಂಗ್ ಎರಡೂ ಕಡೆ ಇರಲಿ, ಒಳ್ಳೆಯ ಸ್ನಾಯುವನ್ನು ಕತ್ತರಿಸಬೇಡಿ ಎಂದರು. ಆಗ ಎರಡು ಕಣ್ಣೂ ಒಂದೇ ರೀತಿ ಕೆಳಗೆ ನೋಡುತ್ತವೆ ಎಂಬುದು ತರ್ಕ. ತರ್ಕ ನನಗೆ ಒಪ್ಪಿಗೆ, ಆದರೂ ಚೆನ್ನಾಗಿರುವ ರೆಪ್ಪೆಯ ಮೇಲೆ ಬ್ಲೇಡ್ ಇಡಲು ನನ್ನ ಕೈ ಇಂದಿಗೂ ಒಪ್ಪಿಲ್ಲ.

ಒಂದೇ ಕಡೆ ಸ್ಲಿಂಗ್ ಹಾಕಿದರೆ ಅದು ಕೆಲಸ ಮಾಡಲು ಮಗು ಹುಬ್ಬೆತ್ತಬೇಕು. ಒಳ್ಳೆಯ ಕಣ್ಣಿನಲ್ಲೇ ಎಲ್ಲ ಕಾಣುವ ಮಗು ಯಾಕೆ ಹುಬ್ಬೆತ್ತೀತು? ರೆಪ್ಪೆ ಮುಚ್ಚಿದ ಕಣ್ಣು ಆಂಬ್ಲಿಯೋಪಿಯಾದಿಂದ ಸೋಮಾರಿಯಾಗಿದ್ದರಂತೂ ಮುಗಿಯಿತು. ಅಂದಮೇಲೆ ಆ ಕಣ್ಣಿನ ದೃಷ್ಟಿಯನ್ನು ಬರೆಯದೆ ರೆಪ್ಪೆಯ ಎತ್ತರವನ್ನಷ್ಟೇ ಬರೆದ ಫಲಿತಾಂಶ ಅರ್ಧ ಫಲಿತಾಂಶ. ಕನ್ನಡಕ ಕೊಟ್ಟೆವೇ, ಒಳ್ಳೆಯ ಕಣ್ಣಿಗೆ ಪ್ಯಾಚ್ ಕಟ್ಟಿಸಿದೆವೇ ಎಂಬುದೂ ಶಸ್ತ್ರಚಿಕಿತ್ಸೆಯ ಭಾಗವೇ ಎಂದು ನಾನು ನಂಬಿದ್ದೇನೆ.

ಸಂಘಟಕರು ಕೊಟ್ಟ ಸಮಯ ಮುಗಿಯುತ್ತಿದೆ. ಪ್ರಬಂಧ ಮಂಡಿಸುವ ಕಿರಿಯರಲ್ಲಿ ಒಂದು ಕೋರಿಕೆ: ನೇರನೋಟದ ಫೋಟೋದ ಪಕ್ಕದಲ್ಲಿ ಮಗು ಕೆಳಗೆ ನೋಡುವ ಫೋಟೋ ಹಾಕಿ, ಮಲಗಿರುವಾಗಿನದೂ ಹಾಕಿ. ಮಲಗಿದ ಫೋಟೋ ನಿಮ್ಮಲ್ಲಿಲ್ಲದಿದ್ದರೆ ತಾಯಿಯನ್ನು ಕೇಳಿ, ಮೊಬೈಲಿನಲ್ಲಿ ತೆಗೆದು ಕಳಿಸುತ್ತಾರೆ.